ದನಿ ಯಾರದು, ಕೂಲಿ ಯಾರಿಗೆ

184 ರೂಪಾಯಿ. 2023ರ ಬೇಸಿಗೆಯಲ್ಲಿ ಕೊಳ್ಳೇಗಾಲ ಸೀಮೆಯ ಆಲಹಳ್ಳಿಯ ಹೆಣ್ಣುಮಗಳೊಬ್ಬರ ಬ್ಯಾಂಕ್ ಖಾತೆಯಲ್ಲಿ ಇದ್ದದ್ದು ಇಷ್ಟು. ಏಪ್ರಿಲ್ ಕೊನೆಯ ಕೆಲವು ದಿನ ಬಿಡುವು ಸಿಕ್ಕಾಗಲೆಲ್ಲ ಅವರು ಫೋನ್ ಕೈಗೆತ್ತಿಕೊಂಡು, ಪರದೆಯ ಮೇಲೆ ಮೂಡುವ ಕನ್ನಡ ವಾಕ್ಯಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದಿದರು. ಎಲ್ಲ ಸೇರಿ ಹೆಚ್ಚುಕಡಿಮೆ ಆರು ಗಂಟೆಯ ಕೆಲಸ. ಖಾತೆಗೆ 2,570 ರೂಪಾಯಿ ಬಂತು. ಮೂರು ಬಸ್ ಬದಲಿಸಿ ದೂರದ ಶಾಲೆಗೆ ಹೋಗಿ ಪಾಠ ಹೇಳುತ್ತಿದ್ದ ಅವರಿಗೆ, ಬಸ್ಸಿನ ಖರ್ಚು ಕಳೆದರೆ ಒಂದು ತಿಂಗಳಿಗೆ ಉಳಿಯುತ್ತಿದ್ದುದೂ ಸುಮಾರು ಅಷ್ಟೇ.

ಇದನ್ನು ನಾನು ಓದಿದ್ದು ಅಮೆರಿಕದ ‘ಟೈಮ್’ ಪತ್ರಿಕೆಯಲ್ಲಿ. 2023ರ ಜುಲೈನಲ್ಲಿ ಅಚ್ಚಾದ ದೀರ್ಘ ವರದಿ ಅದು. ಬರೆದವರು ಬಿಲ್ಲಿ ಪೆರಿಗೊ. ಆಲಹಳ್ಳಿ, ಚಿಲಕವಾಡಿ ಎಂಬ ಹೆಸರುಗಳನ್ನು ಆ ಪುಟಗಳಲ್ಲಿ ಕಂಡಾಗ ಮತ್ತೊಮ್ಮೆ ಮೊದಲಿನಿಂದ ಓದಿದೆ. ಆ ಹೆಂಗಸು ಓದಿದ ವಾಕ್ಯಗಳು ಕ್ಷಯರೋಗಕ್ಕೆ ಸಂಬಂಧಿಸಿದವು. ಓದು ಬಾರದವರೂ ತಮ್ಮ ಮಾತಿನಲ್ಲೇ ಕೇಳಿ ಕಾಯಿಲೆಯ ವಿಷಯ ತಿಳಿದುಕೊಳ್ಳಬೇಕಾದರೆ ಯಂತ್ರಕ್ಕೆ ಮೊದಲು ಕನ್ನಡ ಕೇಳಿಸಿಕೊಳ್ಳಲು ಬರಬೇಕು. ಅದಕ್ಕೆ ಬೇಕಾದದ್ದು ದನಿ. ಒಬ್ಬಿಬ್ಬರದಲ್ಲ, ಬೇರೆಬೇರೆ ಊರಿನ, ಬೇರೆಬೇರೆ ವಯಸ್ಸಿನ ನೂರಾರು ಜನರದು.

ಪೆರಿಗೊ ಈ ಸೀಮೆಗೆ ಬರುವುದಕ್ಕೆ ಹಿಂದೆ ಒಂದು ಕಥೆಯಿದೆ. ಅದೇ ವರ್ಷದ ಜನವರಿಯಲ್ಲಿ ಅವರು ಕೀನ್ಯಾದ ಬಗ್ಗೆ ಬರೆದಿದ್ದರು. ಚಾಟ್‌ಜಿಪಿಟಿ ಕೆಟ್ಟ ಮಾತಾಡದಂತೆ ತಿದ್ದಲು ಓಪನ್‌ಎಐ ಕಂಪನಿ ಸಾಮಾ ಎಂಬ ಗುತ್ತಿಗೆ ಸಂಸ್ಥೆಯ ಮೂಲಕ ನೈರೋಬಿಯ ಯುವಕ ಯುವತಿಯರಿಂದ ಕೆಲಸ ಮಾಡಿಸಿತ್ತು. ಕೊಲೆ, ಹಿಂಸೆ, ಮಕ್ಕಳ ಮೇಲಿನ ದೌರ್ಜನ್ಯದ ವಿವರಗಳನ್ನು ದಿನವಿಡೀ ಓದಿ, ಇದು ಇಂಥದ್ದು ಎಂದು ಗುರುತು ಹಾಕುವುದು ಅವರ ಕೆಲಸ. ಕೈಗೆ ಸಿಗುತ್ತಿದ್ದುದು ಗಂಟೆಗೆ 1.32ರಿಂದ 2 ಡಾಲರ್. ಓದಿದ್ದು ತಲೆಯಿಂದ ಇಳಿಯದೆ ನರಳಿದವರ ಮಾತುಗಳು ಆ ವರದಿಯಲ್ಲಿದ್ದವು. ಎಐ ಎಂದರೆ ತನ್ನಷ್ಟಕ್ಕೆ ಯೋಚಿಸುವ ಯಂತ್ರ ಎಂದು ನಂಬಿದ್ದ ಲೋಕಕ್ಕೆ, ಅದರ ಹಿಂದೆ ಕೂಲಿಯವರಿದ್ದಾರೆ ಎಂದು ಅಷ್ಟು ಸ್ಪಷ್ಟವಾಗಿ ತೋರಿಸಿದ ಬರಹಗಳು ಕಡಿಮೆ. ಆರು ತಿಂಗಳ ಬಳಿಕ, ಇದೇ ಕೆಲಸವನ್ನು ಬೇರೆ ರೀತಿ ಮಾಡಲು ಸಾಧ್ಯವೇ ಎಂದು ಹುಡುಕುತ್ತ ಅದೇ ವರದಿಗಾರ ಬಂದದ್ದು ಕರ್ನಾಟಕದ ಈ ಹಳ್ಳಿಗಳಿಗೆ.

ಕೆಲಸ ಕೊಟ್ಟದ್ದು ಬೆಂಗಳೂರಿನ ‘ಕಾರ್ಯ’ ಎಂಬ ಸಂಸ್ಥೆ. ಮೈಕ್ರೋಸಾಫ್ಟ್‌ನ ಬೆಂಗಳೂರು ಸಂಶೋಧನಾ ಕೇಂದ್ರದಲ್ಲಿ ಒಂದು ಅಧ್ಯಯನವಾಗಿ ಮೊಳೆತು, 2021ರಲ್ಲಿ ಲಾಭದ ಉದ್ದೇಶವಿಲ್ಲದ ಪ್ರತ್ಯೇಕ ಸಂಸ್ಥೆಯಾಯಿತು. ಅದನ್ನು ಕಟ್ಟಿದವರಲ್ಲಿ ಮನು ಚೋಪ್ರಾ ದೆಹಲಿಯ ಬಡ ಬಸ್ತಿಯೊಂದರಲ್ಲಿ ಬೆಳೆದು, ವಿದ್ಯಾರ್ಥಿವೇತನದ ಮೇಲೆ ಸ್ಟ್ಯಾನ್‌ಫರ್ಡ್‌ನಲ್ಲಿ ಓದಿ ಮರಳಿದವರು. ವಿವೇಕ್ ಶೇಷಾದ್ರಿ ಸಂಶೋಧಕರು. ಸಂಸ್ಥೆ ಹಾಕಿಕೊಂಡ ಕಟ್ಟಳೆ ಸರಳವಾದುದು. ಗಂಟೆಗೆ ಕನಿಷ್ಠ 5 ಡಾಲರ್, ಆಗಿನ ಲೆಕ್ಕದಲ್ಲಿ ನಾನೂರು ರೂಪಾಯಿಗೆ ಮೇಲೆ. ದನಿ ಕೊಟ್ಟವರಿಗೇ ಅದರ ಮೇಲೆ ಒಡೆತನ. ಆ ಡೇಟಾ ಮತ್ತೊಬ್ಬರಿಗೆ ಮಾರಾಟವಾದರೆ ಬಂದ ಹಣದಲ್ಲಿ ಅವರಿಗೆ ಮತ್ತೆ ಪಾಲು.

ಒಂದು ಮಿತಿಯೂ ಇದೆ. ಒಬ್ಬರು ದುಡಿಯಬಹುದಾದದ್ದು ಸುಮಾರು 1,500 ಡಾಲರ್‌ವರೆಗೆ ಮಾತ್ರ, ಅಂದರೆ ‘ಟೈಮ್’ ವರದಿಯ ಲೆಕ್ಕದಲ್ಲಿ ಒಬ್ಬ ಭಾರತೀಯನ ಸರಾಸರಿ ಒಂದು ವರ್ಷದ ಆದಾಯದಷ್ಟು. ಆಮೇಲೆ ಅವಕಾಶ ಬೇರೆಯವರಿಗೆ. ಇದು ಕಾಯಂ ನೌಕರಿಯಲ್ಲ, ಕೈಗೆ ಒಂದಿಷ್ಟು ಆಸರೆ ಎಂಬುದು ಸಂಸ್ಥೆಯ ವಾದ. ಹಂಚಿ ತಿನ್ನುವ ನ್ಯಾಯ ಅದರಲ್ಲಿದೆ, ಒಪ್ಪುತ್ತೇನೆ. ಆದರೂ ದನಿ ಬಳಸಿ ಬೆಳೆಯುವ ಕಂಪನಿಗಳ ಲಾಭಕ್ಕೆ ಇಂಥ ಮಿತಿ ಇಲ್ಲದಿರುವಾಗ, ದನಿ ಕೊಟ್ಟವರ ದುಡಿಮೆಗೆ ಮಾತ್ರ ಮಿತಿ ಏಕೆ ಎಂಬ ಪ್ರಶ್ನೆ ನನ್ನಲ್ಲಿ ಉಳಿದಿದೆ. ‘ಕಾರ್ಯ’ಕ್ಕಿಂತ ಹೆಚ್ಚಾಗಿ ಅದರಿಂದ ಡೇಟಾ ಕೊಳ್ಳುವ ದೊಡ್ಡವರನ್ನು ಕೇಳಬೇಕಾದ ಪ್ರಶ್ನೆ ಇದು.

ಹೊರಗಿನವರು ಬಂದು ದನಿ ಹಿಡಿದುಕೊಂಡು ಹೋದದ್ದು ಈ ಸೀಮೆಗೆ ಹೊಸದಲ್ಲ. ಕೊಳ್ಳೇಗಾಲ, ಹನೂರು, ಯಳಂದೂರು ಎಂದರೆ ಹಾಡುವವರ ನಾಡು. ಮಾದಪ್ಪನ, ಅಂದರೆ ಮಾದೇಶ್ವರನ ಕಥೆಯನ್ನು ಕಂಸಾಳೆಯವರು, ಮಂಟೇಸ್ವಾಮಿ, ಸಿದ್ದಪ್ಪಾಜಿಯರ ಕಥೆಯನ್ನು ತಂಬೂರಿ ಹಿಡಿದ ನೀಲಗಾರರು ರಾತ್ರಿಗಟ್ಟಲೆ ಹಾಡುತ್ತಾರೆ. ಬನದ ಹುಣ್ಣಿಮೆಗೆ ಚಿಕ್ಕಲ್ಲೂರು ಜಾತ್ರೆಯಲ್ಲಿ ಚಂದ್ರಮಂಡಲ ಉರಿಯುವಾಗ ಸೇರುವ ಜನಕ್ಕೆ ಈ ಕಥೆಗಳು ಪುಸ್ತಕದಿಂದ ಬಂದವಲ್ಲ. ಒಬ್ಬ ಗುರುವಿನ ಬಾಯಿಂದ ಒಬ್ಬ ಗುಡ್ಡನ, ಅಂದರೆ ಶಿಷ್ಯನ ಕಿವಿಗೆ ಬಂದಂಥವು. ಮೈಸೂರು ವಿಶ್ವವಿದ್ಯಾಲಯದಲ್ಲಿ ಜೀ.ಶಂ. ಪರಮಶಿವಯ್ಯನವರ ಕಾಲದಲ್ಲಿ ಜಾನಪದ ಅಧ್ಯಯನ ಬೇರೂರಿದ ಮೇಲೆ ಟೇಪ್‌ರೆಕಾರ್ಡರ್ ಹಳ್ಳಿಗೆ ಬಂತು. ಪಿ.ಕೆ. ರಾಜಶೇಖರ ಅವರು ಸಂಗ್ರಹಿಸಿದ ‘ಮಲೆಯ ಮಾದೇಶ್ವರ’ 1973ರಲ್ಲಿ ಪ್ರಕಟವಾಯಿತು. ಮುಂದೆ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಮಾದೇಶ್ವರ, ಮಂಟೇಸ್ವಾಮಿ ಕಾವ್ಯಗಳ ಬೃಹತ್ ಸಂಪುಟಗಳನ್ನು ಹೊರತಂದಿತು. ಆ ಸಂಗ್ರಾಹಕರಿಗೆ ನಾವು ಋಣಿಗಳು. ಅವರು ಬಾರದೇ ಹೋಗಿದ್ದರೆ ಎಷ್ಟೋ ಸಾಲುಗಳು ಹಾಡಿದವರ ಜೊತೆಗೇ ಮಣ್ಣಾಗುತ್ತಿದ್ದವು.

ಆದರೆ ಆ ಕಾಲದ ಕಾನೂನನ್ನು ನೋಡಿದರೆ ಸಂಕಟವಾಗುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಬರೆದವನಿಗೆ ಹಕ್ಕಿತ್ತು, ಧ್ವನಿಮುದ್ರಣ ಮಾಡಿಸಿದವನಿಗೆ ಹಕ್ಕಿತ್ತು. ಹಾಡಿದವನ ಹಾಡಿಕೆಗೆ ಹಕ್ಕಿರಲಿಲ್ಲ. 1970ರ ದಶಕದ ಕೊನೆಯಲ್ಲಿ ದೇವ್ ಆನಂದ್ ಅವರಂಥ ಹೆಸರಾಂತ ನಟರ ಪ್ರಕರಣದಲ್ಲೇ ಬಾಂಬೆ ಹೈಕೋರ್ಟ್, ನಟನೆಯ ಮೇಲೆ ಈ ಕಾಯ್ದೆಯಡಿ ನಟನಿಗೆ ಹಕ್ಕಿಲ್ಲ ಎಂದಿತು. ಇನ್ನು ಕಾಡಂಚಿನ ಕಂಸಾಳೆಯವರ ಪಾಡೇನು? ‘ಪ್ರದರ್ಶಕರ ಹಕ್ಕು’ ಕಾಯ್ದೆಯೊಳಗೆ ಬಂದದ್ದು 1994ರ ತಿದ್ದುಪಡಿಯಿಂದ. ಹಾಡಿಕೆಯನ್ನು ವ್ಯಾಪಾರಕ್ಕೆ ಬಳಸಿದರೆ ಹಾಡಿದವರಿಗೆ ರಾಯಧನ ಸಲ್ಲಬೇಕು ಎಂದದ್ದು 2012ರ ತಿದ್ದುಪಡಿ. ನಮ್ಮ ದೊಡ್ಡ ಗಾಯಕರಲ್ಲಿ ಎಷ್ಟು ಮಂದಿ ಆ ಹೊತ್ತಿಗೆ ತೀರಿಕೊಂಡಿದ್ದರು ಎಂದು ನೆನೆದರೆ, ಕಾನೂನು ತಡವಾಗಿ ಬಂದದ್ದಕ್ಕೆ ಸಿಟ್ಟು ಬರುತ್ತದೆ.

ಹಾಗಾಗಿಯೇ ಆಲಹಳ್ಳಿಯ 2,570 ರೂಪಾಯಿ ನನಗೆ ಸಣ್ಣ ಸಂಗತಿಯಲ್ಲ. ಈ ಸೀಮೆಯ ಒಂದು ದನಿ ಮುದ್ರಣವಾಗುವ ಮೊದಲೇ, ಅದು ಯಾರದು, ಅದಕ್ಕೆ ಎಷ್ಟು ಎಂದು ಗೊತ್ತುಮಾಡಿದ ಪ್ರಸಂಗ ಅದು. ಕಾನೂನು ಮಾಡಿಸಿದ್ದಲ್ಲ, ಕೆಲಸ ಕೊಟ್ಟವರೇ ಒಪ್ಪಿಕೊಂಡದ್ದು ಎಂಬುದನ್ನೂ ಮರೆಯಬಾರದು. ಕೆಲಸ ಕೊಡುವವರು ನಾಳೆ ಬದಲಾದರೆ ಕರಾರೂ ಬದಲಾಗಬಹುದು. ಬೇರೆಯವರು ಬರೆದುಕೊಟ್ಟ ವಾಕ್ಯವನ್ನು ಫೋನಿಗೆ ಓದಿಹೇಳುವುದು ಕಾಯ್ದೆಯ ಕಣ್ಣಿಗೆ ‘ಪ್ರದರ್ಶನ’ವಾಗಿ ಕಾಣುತ್ತದೆಯೇ ಎಂಬುದಂತೂ ಸುಲಭಕ್ಕೆ ತೀರುವ ಮಾತಲ್ಲ.

ಹಕ್ಕಿನ ಪ್ರಶ್ನೆಯ ಜೊತೆಗೆ ಭಾಷೆಯ ಪ್ರಶ್ನೆಯೂ ಇದೆ. ಇಲ್ಲಿನ ಮಾತಿಗೆ ತನ್ನದೇ ಬಾಳಿದೆ. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಪಕ್ಕದ ಯಳಂದೂರು ಮೈಸೂರಿನಲ್ಲಿತ್ತು. ಹೀಗೆ ಎರಡು ರಾಜ್ಯಗಳಲ್ಲಿ ಹಂಚಿಹೋಗಿ ಬೆಳೆದ, ‘ಮನಗ ವೋಗು’, ‘ಬುಟ್ಬುಡು’ ಎನ್ನುವ ಈ ಕಡೆಯ ಕನ್ನಡವನ್ನು ಪತ್ರಿಕೆ, ಪಠ್ಯಪುಸ್ತಕಗಳಿಂದ ಕನ್ನಡ ಕಲಿತ ಯಂತ್ರ ಹೇಗೆ ತಿಳಿಯಬೇಕು? ನೆರೆಯ ನಂಜನಗೂಡು ಸೀಮೆಯ ದೇವನೂರ ಮಹಾದೇವರು ಅಲ್ಲಿನ ಆಡುಮಾತಿನಲ್ಲೇ ಬರೆದ ‘ಕುಸುಮಬಾಲೆ’ ಬಂದಾಗ ಕನ್ನಡದ ಓದುಗರೇ ತಡವರಿಸಿದ್ದರು. ಕೆಮ್ಮುತ್ತಿರುವ ಅಜ್ಜಿಯೊಬ್ಬಳ ಮಾತು ಯಂತ್ರಕ್ಕೆ ತಿಳಿಯದಿದ್ದರೆ ಅವಳಿಗೆ ಸಿಗುವ ಉತ್ತರವೂ ತಪ್ಪುತ್ತದೆ. ಬಿಡಿಸಿ ಓದುವ ಶಿಷ್ಟ ವಾಕ್ಯಗಳಷ್ಟೇ ಸಾಲದು, ಜನ ಆಡುವ ಮಾತೂ ಮುದ್ರಣಕ್ಕೆ ಸಿಗಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಗೂಗಲ್ ಜೊತೆ ನಡೆಸುತ್ತಿರುವ ‘ವಾಣಿ’ ಯೋಜನೆಯಲ್ಲಿ ಜಿಲ್ಲೆ ಜಿಲ್ಲೆಗೂ ಹೋಗಿ, ಜನರಿಗೆ ಚಿತ್ರ ತೋರಿಸಿ, ಅವರ ಬಾಯಿಗೆ ಬಂದಂತೆ ಮಾತಾಡಿಸಿ ಸಂಗ್ರಹಿಸುವುದು ಇದಕ್ಕೇ.

ಈಗ ಮಕ್ಕಳ ವಿಷಯಕ್ಕೆ ಬರುತ್ತೇನೆ, ಇಷ್ಟೆಲ್ಲ ಬರೆಯಲು ಕಾರಣವೇ ಅವರು. ಕೃತಕ ಬುದ್ಧಿಮತ್ತೆಯ ನೀತಿಯ ಬಗ್ಗೆ ಬರೆಯಿರಿ, ಚಿತ್ರ ಬಿಡಿಸಿ, ಕಿರುಚಿತ್ರ ಮಾಡಿ ಎಂದು ವಿದ್ಯಾರ್ಥಿಗಳನ್ನು ಕರೆಯುವ ಅಂತರರಾಷ್ಟ್ರೀಯ ಸ್ಪರ್ಧೆಗಳು ಈಗ ಬಂದಿವೆ. 2021ರ ನವೆಂಬರ್‌ನಲ್ಲಿ ಯುನೆಸ್ಕೋದ 193 ಸದಸ್ಯ ದೇಶಗಳು ಎಐ ನೀತಿಯ ಶಿಫಾರಸನ್ನು ಅಂಗೀಕರಿಸಿದ ಮೇಲೆ ಶಾಲೆ ಕಾಲೇಜುಗಳಲ್ಲಿ ಈ ಮಾತು ಹೆಚ್ಚಿತು. ಆದರೆ ಮಕ್ಕಳ ಕೈಗೆ ಲೋಕದ ಪ್ರಶ್ನೆ ಕೊಟ್ಟು ಬರೆಸುವ ಪದ್ಧತಿ ಹಳೆಯದು. ವ್ಯಂಗ್ಯಚಿತ್ರಕಾರ ಶಂಕರ್ 1949ರಲ್ಲಿ ದೆಹಲಿಯಲ್ಲಿ ಶುರುಮಾಡಿದ ಮಕ್ಕಳ ಸ್ಪರ್ಧೆ ಮರುವರ್ಷವೇ ಹೊರದೇಶದ ಮಕ್ಕಳಿಗೂ ತೆರೆದುಕೊಂಡಿತು. ವಿಶ್ವ ಅಂಚೆ ಒಕ್ಕೂಟ 1971ರಿಂದ ಪತ್ರ ಬರೆಯುವ ಸ್ಪರ್ಧೆ ನಡೆಸುತ್ತಿದೆ. 9ರಿಂದ 15 ವರ್ಷದ ಮಕ್ಕಳಿಗೆ ಅದು. ಡಿಜಿಟಲ್ ಲೋಕದಲ್ಲಿ ಮನುಷ್ಯರ ನಂಟು ಏಕೆ ಮುಖ್ಯ ಎಂದು ಸ್ನೇಹಿತನಿಗೆ ಪತ್ರ ಬರೆಯಿರಿ ಎಂಬುದು 2026ರ ವಿಷಯ. ನಮ್ಮ ಅಂಚೆ ಇಲಾಖೆ ಈ ಸ್ಪರ್ಧೆ ನಡೆಸುವಾಗ ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಗಳಲ್ಲಿ ಬರೆಯಲು ಬಿಡುತ್ತದೆ. ಕನ್ನಡದಲ್ಲೇ ಬರೆಯಬಹುದು. ಇಂಗ್ಲಿಷ್ ಶಾಲೆ, ವೇಗದ ಇಂಟರ್ನೆಟ್ ಇಲ್ಲದ ಊರಿನ ಮಗುವಿಗೆ ಇದಕ್ಕಿಂತ ಅಗಲವಾದ ಬಾಗಿಲು ನನಗೆ ಕಂಡಿಲ್ಲ.

ಇಂಥ ಸ್ಪರ್ಧೆಗಳಿಗೆ ಬರುವ ಚಿತ್ರಗಳಲ್ಲಿ ಕೆಂಪು ಕಣ್ಣಿನ ರೋಬೊ, ಸರಪಳಿಯಲ್ಲಿ ಮನುಷ್ಯ, ಒಡೆದ ಭೂಗೋಳ ಸಾಮಾನ್ಯ. ಮಕ್ಕಳ ತಪ್ಪಲ್ಲ ಅದು. ದೊಡ್ಡವರು ಸಿನಿಮಾದಲ್ಲಿ ತೋರಿಸಿದ್ದನ್ನೇ ಅವರು ಬಿಡಿಸುತ್ತಾರೆ. ಅವರದೇ ಸೀಮೆಯಲ್ಲಿ ನಡೆದದ್ದನ್ನು ಯಾರಾದರೂ ಹೇಳಿಕೊಟ್ಟಿದ್ದರೆ ಬೇರೆಯದನ್ನೇ ಬರೆಯುತ್ತಿದ್ದರು.

ಹನೂರಿನಿಂದ ರಾಮಾಪುರದ ಕಡೆ ಹೋಗುವ ದಾರಿಯ ಅಜ್ಜೀಪುರವನ್ನೇ ತೆಗೆದುಕೊಳ್ಳಿ. ಹತ್ತಿರದಲ್ಲೇ ಉಡುತೊರೆ ಹಳ್ಳದ ಜಲಾಶಯ, ಮುಂದೆ ತಮಿಳುನಾಡಿನ ಗಡಿ. ಕನ್ನಡ, ತಮಿಳು ಎರಡೂ ಕಿವಿಗೆ ಬೀಳುವ ಜಾಗ. ಅದೇ ತಾಲ್ಲೂಕಿನ ಒಡೆಯರಪಾಳ್ಯದಲ್ಲಿ 1970ರ ದಶಕದಿಂದ ನೆಲೆನಿಂತ ಟಿಬೆಟನ್ನರಿದ್ದಾರೆ. ಪೋಡು ಎಂದು ಕರೆಯುವ ಬೆಟ್ಟದ ಹಾಡಿಗಳಲ್ಲಿ ಆದಿವಾಸಿ ಸೋಲಿಗರಿದ್ದಾರೆ. ಇಲ್ಲಿನ ಮಗು ಜಲಾಶಯದ ದಂಡೆಯಲ್ಲಿ ಕುಳಿತು ಸ್ನೇಹಿತನಿಗೆ ಪತ್ರ ಬರೆದರೆ ಕೇಳಬಹುದಾದದ್ದು ಎಷ್ಟಿದೆ! ನಮ್ಮಮ್ಮನ ದನಿಯಿಂದ ಕಲಿತ ಯಂತ್ರ ನಮ್ಮಮ್ಮನ ಮಾತಿಗೆ ಉತ್ತರ ಕೊಡುತ್ತದೆಯೇ? ಅವಳು ಸತ್ತ ಮೇಲೆ ಆ ದನಿಯ ಪಾಲು ಯಾರಿಗೆ? ಬೇಡವೆಂದರೆ ಅದನ್ನು ವಾಪಸು ತೆಗೆದುಕೊಳ್ಳಬಹುದೇ?

ಸೋಲಿಗರ ಮಕ್ಕಳ ಬಳಿ ಇನ್ನೂ ಗಟ್ಟಿಯಾದ ಪ್ರಶ್ನೆಯಿದೆ. ಬಿಳಿಗಿರಿರಂಗನ ಬೆಟ್ಟದ ಹುಲಿ ಮೀಸಲು ಕಾಡಿನಲ್ಲಿ ಸೋಲಿಗರ ಗ್ರಾಮಸಭೆಗಳಿಗೆ 2011ರಲ್ಲಿ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಹುಲಿ ಮೀಸಲಿನೊಳಗೆ ಅಂಥ ಹಕ್ಕು ಪಡೆದ ಮೊದಲಿಗರು ಅವರು. ಜೇನು, ನೆಲ್ಲಿಕಾಯಿ, ಪಾಚಿಗಳ ಮೇಲಿನ ಹಕ್ಕಿನ ಮಾತು ಎಲ್ಲರಿಗೂ ಗೊತ್ತು. ಅದೇ 2006ರ ಅರಣ್ಯ ಹಕ್ಕು ಕಾಯ್ದೆಯ 3ನೇ ಪ್ರಕರಣದಲ್ಲಿ, ಜೀವವೈವಿಧ್ಯ ಮತ್ತು ಸಂಸ್ಕೃತಿಯ ವೈವಿಧ್ಯಕ್ಕೆ ಸೇರಿದ ಸಾಂಪ್ರದಾಯಿಕ ಅರಿವಿನ ಮೇಲೆ, ಬೌದ್ಧಿಕ ಆಸ್ತಿಯ ಮೇಲೆ ಸಮುದಾಯದ ಹಕ್ಕನ್ನೂ ಬರೆದಿದ್ದಾರೆ. ಗಿಡ, ಮರ, ಹಕ್ಕಿಗಳ ಹೆಸರು ತುಂಬಿದ ಸೋಲಿಗರ ಹಾಡನ್ನು ನಾಳೆ ಯಾರಾದರೂ ಯಂತ್ರಕ್ಕೆ ಕಲಿಸಲು ಬಂದರೆ, ಹಾಡಿದವನಿಗೆ ಗಂಟೆಗೆ ಇಷ್ಟು ಎಂದು ಕೊಟ್ಟು ಹೋಗುವಂತಿಲ್ಲ. ಪೋಡಿನ ಗ್ರಾಮಸಭೆಯ ಮುಂದೆ ಕುಳಿತು ಕೇಳಬೇಕು.