ಟೆಲಿಫೋಟೊ ಜೂಮ್ ಮಸೂರವೂ ಸಾಮೀಪ್ಯವೆಂಬ ಮಾತೂ

ದೂರದ ವಸ್ತುವನ್ನು ಹತ್ತಿರಕ್ಕೆ ತರುವುದೆಂದು ಟೆಲಿಫೋಟೊ ಮಸೂರವನ್ನು ವರ್ಣಿಸುವುದು ವಾಡಿಕೆ. ಲೋಕವ್ಯವಹಾರಕ್ಕೆ ಈ ಮಾತು ಸಾಕು. ಶಾಸ್ತ್ರದೃಷ್ಟಿಯಿಂದ ಇದು ಸಾಧುವೇ ಎಂಬುದು ವಿಚಾರಾರ್ಹವಾಗಿದೆ. ಜಪಾನಿನ ನಿಪ್ಪಾನ್ ಕೊಗಾಕು ಸಂಸ್ಥೆಯವರು 1959ರಲ್ಲಿ ತಮ್ಮ ನಿಕಾನ್ ಎಫ್ ಕ್ಯಾಮರಾಕ್ಕಾಗಿ ಹೊರತಂದ ಟೆಲಿಫೋಟೊ ಜೂಮ್ ನಿಕ್ಕೋರ್ ಮಸೂರವನ್ನು ಈ ವಿಚಾರಕ್ಕೆ ನಿದರ್ಶನವಾಗಿ ತೆಗೆದುಕೊಳ್ಳಬಹುದು. ಅದರ ಸಂಗಮದೂರವು 85ರಿಂದ 250 ಮಿಲಿಮೀಟರಿನವರೆಗೆ ಬದಲಾಗುತ್ತಿತ್ತು.

ಈ ಹೆಸರಿನಲ್ಲಿ ಎರಡು ಭಿನ್ನ ಕಲ್ಪನೆಗಳು ಕೂಡಿವೆ. ಮುಂಭಾಗದಲ್ಲಿ ಕಿರಣಗಳನ್ನು ಕೂಡಿಸುವ, ಹಿಂಭಾಗದಲ್ಲಿ ಚದರಿಸುವ ಮಸೂರಗಳನ್ನಿಟ್ಟು ಒಟ್ಟು ಉದ್ದವನ್ನು ಸಂಗಮದೂರಕ್ಕಿಂತ ಕಡಿಮೆ ಮಾಡಿದ ರಚನೆಯೇ ಟೆಲಿಫೋಟೊ. ಇದನ್ನು 1891ರಲ್ಲಿ ಇಂಗ್ಲೆಂಡಿನ ಡಾಲ್ಮೇಯರ್, ಜರ್ಮನಿಯ ಮೀಥೆ ಇವರು ಬೇರೆ ಬೇರೆಯಾಗಿಯೇ ಸಾಧಿಸಿದರು. ಕಾಲಕ್ರಮದಲ್ಲಿ ಸಂಗಮದೂರ ಹೆಚ್ಚಿರುವ ಮಸೂರಗಳಿಗೆಲ್ಲ ಈ ಹೆಸರೇ ರೂಢಿಯಾಯಿತು. ಜೂಮ್ ಎಂಬುದಾದರೋ ಬೇರೊಂದು ಗುಣ. ಒಳಗಣ ಒಂದು ಮಸೂರಗುಂಪು ಸರಿದು ಬಿಂಬದ ಗಾತ್ರವನ್ನು ಬದಲಿಸಿದಾಗ ಬಿಂಬದ ನೆಲೆಯೂ ಕದಲುತ್ತದೆ; ಆ ಕದಲಿಕೆಯನ್ನು ಸರಿದೂಗಿಸುವಂತೆ ಇನ್ನೊಂದು ಗುಂಪು ವಕ್ರವಾದ ಸೀಳಿನ ಆಧಾರದಿಂದ ಜೊತೆಗೇ ಚಲಿಸುತ್ತದೆ. ಆದುದರಿಂದ ಗಾತ್ರ ಬದಲಾದರೂ ಸ್ಫುಟತೆ ಕೆಡುವುದಿಲ್ಲ. ಎಸ್.ಎಲ್.ಆರ್. ಕ್ಯಾಮರಾದಲ್ಲಿ ಮಸೂರದ ಮೂಲಕ ಬಂದ ಬಿಂಬವನ್ನೇ ಕನ್ನಡಿಯು ಕಣ್ಣಿಗೆ ತೋರಿಸುವುದರಿಂದ, ಈ ವ್ಯತ್ಯಾಸವನ್ನು ಆಗಲೇ ನೋಡುತ್ತ ಚಿತ್ರದ ಎಲ್ಲೆಯನ್ನು ನಿಶ್ಚಯಿಸಬಹುದಾಯಿತು.

ಇನ್ನು ಸಾಮೀಪ್ಯದ ಮಾತು. ಸಮಾನ ಎತ್ತರದ ಎರಡು ಕಂಬಗಳು 10 ಮೀಟರ್ ಅಂತರದಲ್ಲಿ ಒಂದರ ಹಿಂದೊಂದು ಇವೆಯೆಂದು ಭಾವಿಸೋಣ. ಮೊದಲ ಕಂಬದಿಂದ 10 ಮೀಟರ್ ದೂರದಲ್ಲಿ ನಿಂತರೆ ಹಿಂದಿನ ಕಂಬದ ಬಿಂಬವು ಮುಂದಿನದರ ಅರ್ಧದಷ್ಟಿರುತ್ತದೆ. ನಿಂತ ಸ್ಥಳವನ್ನು ಬಿಡದೆ ಸಂಗಮದೂರವನ್ನು 100ರಿಂದ 250 ಮಿಲಿಮೀಟರಿಗೆ ಏರಿಸಿದರೆ ಎರಡು ಬಿಂಬಗಳೂ ಎರಡೂವರೆ ಪಾಲು ಬೆಳೆಯುತ್ತವೆ. ಅರ್ಧವೆಂಬ ಪ್ರಮಾಣ ಮಾತ್ರ ಹಾಗೆಯೇ ಉಳಿಯುತ್ತದೆ. ಅದೇ 250ರಲ್ಲಿ 25 ಮೀಟರಿಗೆ ಹಿಂದೆ ಸರಿದರೆ ಮುಂದಿನ ಕಂಬದ ಬಿಂಬವು ಮೊದಲು 100ರಲ್ಲಿ ಇದ್ದಷ್ಟೇ ಆಗುತ್ತದೆ. ಆದರೆ ಹಿಂದಿನದು ಅದರ ಏಳರಲ್ಲಿ ಐದು ಪಾಲಿನಷ್ಟಾಗಿ, ಕಂಬಗಳ ನಡುವಣ ಅಂತರ ಕುಗ್ಗಿದಂತೆ ತೋರುತ್ತದೆ. ಈ ಕುಗ್ಗುವಿಕೆಗೆ ಕಾರಣ ನಿಂತ ಸ್ಥಾನವೇ ಹೊರತು ಮಸೂರವಲ್ಲ.

ಈ ಭೇದ ಕೇವಲ ಪರಿಭಾಷೆಯ ಸೂಕ್ಷ್ಮವಲ್ಲ. ಬಹುದೂರದಿಂದ ತೆಗೆದ ಬೀದಿಯ ಚಿತ್ರದಲ್ಲಿ ವಿರಳವಾಗಿ ನಡೆಯುತ್ತಿದ್ದ ಜನರೂ ಒತ್ತೊತ್ತಾಗಿ ನಿಂತಂತೆ ಕಾಣುವರು. ಅಂಥ ಚಿತ್ರವನ್ನು ಸಾಕ್ಷ್ಯವಾಗಿ ಓದುವವರು ಅದನ್ನು ಎಷ್ಟು ದೂರದಿಂದ ತೆಗೆದರೆಂಬುದನ್ನು ಮೊದಲು ವಿಚಾರಿಸಬೇಕು. ಹೀಗಿರಲಾಗಿ ಇದನ್ನು ದೂರವನ್ನು ಹತ್ತಿರ ತರುವ ಮಸೂರವೆನ್ನುವುದಕ್ಕಿಂತ ಬಿಂಬವನ್ನು ಹಿಗ್ಗಿಸುವ ಮಸೂರವೆನ್ನುವುದೇ ಯುಕ್ತವೆಂದು ತೋರುತ್ತದೆ.