ಕೊಬ್ಬು ಒಡೆಯುವ ಶಾಖಪ್ರಿಯ ಜೀವಿಗಳು

ಕನಕಪುರ ತಾಲ್ಲೂಕಿನ ಸಾತನೂರು ಕಡೆ ರೇಷ್ಮೆ ಸಾಕುವ ಮನೆಗಳಲ್ಲಿ ಸಗಣಿ, ಹುಳು ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿ ಎಲ್ಲವೂ ತಿಪ್ಪೆ ಸೇರುತ್ತವೆ. ಕಾವೇರಿದ ತಿಪ್ಪೆ ಕೆದಕಿದರೆ ಹಬೆ ಏಳುವುದನ್ನು ರೈತರು ಬಲ್ಲರು. ಒಳಗೆ 60 ಡಿಗ್ರಿ ಸೆಲ್ಸಿಯಸ್ ದಾಟುವುದೂ ಉಂಟು. ರೋಗ ತರುವ ಬಹುಪಾಲು ಸೂಕ್ಷ್ಮಜೀವಿಗಳು ಸಾಯುವ ಈ ಬಿಸಿಯಲ್ಲೇ ಶಾಖಪ್ರಿಯ ಬ್ಯಾಕ್ಟೀರಿಯಗಳು ಹುಲುಸಾಗಿ ಬೆಳೆಯುತ್ತವೆ.

ಇವುಗಳಲ್ಲಿ ಕೆಲವು ಕೊಬ್ಬನ್ನೂ ಅರಗಿಸಿಕೊಳ್ಳುತ್ತವೆ. ಅದಕ್ಕಾಗಿ ಲೈಪೇಸ್ ಎಂಬ ಕಿಣ್ವವನ್ನು ಹೊರಸೂಸಿ, ಕೊಬ್ಬನ್ನು ಕೊಬ್ಬಿನಾಮ್ಲ ಮತ್ತು ಗ್ಲಿಸರಾಲ್ ಆಗಿ ಒಡೆಯುತ್ತವೆ. ನಾವು ತಿಂದ ತುಪ್ಪ ಜೀರ್ಣವಾಗುವುದೂ ಮುಖ್ಯವಾಗಿ ನಮ್ಮ ಮೇದೋಜೀರಕ ಗ್ರಂಥಿಯ ಲೈಪೇಸಿನಿಂದ. ಆದರೆ ನಮ್ಮದು ಮೈಶಾಖಕ್ಕೆ ಒಗ್ಗಿದ್ದು. ಶಾಖಪ್ರಿಯ ಜೀವಿಗಳದ್ದು 60 ಡಿಗ್ರಿಯಲ್ಲೂ ಕೆಡದು. ಗಟ್ಟಿ ಕೊಬ್ಬು ಆ ಬಿಸಿಗೆ ಕರಗಿರುವುದರಿಂದ ಕಿಣ್ವದ ಕೆಲಸವೂ ಸಲೀಸು. ಚರ್ಮದ ಜಿಡ್ಡು ತೆಗೆಯಲು, ಕಾಗದದ ತಿರುಳಿನ ಅಂಟು ಬಿಡಿಸಲು, ಜಿಡ್ಡಿನ ಕೊಳಚೆ ನೀರು ಶುದ್ಧಿಗೊಳಿಸಲು ಲೈಪೇಸ್ ಬಳಕೆಯಲ್ಲಿದೆ.

ಈ ಗುಂಪಿನ ಒಂದು ಬ್ಯಾಕ್ಟೀರಿಯದ ಹೆಸರು ಸ್ಟಿಯರೋಥರ್ಮೋಫಿಲಸ್. ಕೊಬ್ಬು ಮತ್ತು ಶಾಖವನ್ನು ಪ್ರೀತಿಸುವುದು ಎಂದೇ ಅದರ ಅರ್ಥ. ಆಸ್ಪತ್ರೆಯ ಆಟೋಕ್ಲೇವ್ ಸರಿಯಿದೆಯೇ ಎಂದು ನೋಡಲು ಇದರ ಬೀಜಾಣುಗಳನ್ನೇ ಒಳಗಿಡುತ್ತಾರೆ. 121 ಡಿಗ್ರಿಯ ಹಬೆಯಲ್ಲಿ ಇವು ಸತ್ತರೆ ಶಸ್ತ್ರಚಿಕಿತ್ಸೆಯ ಉಪಕರಣಗಳನ್ನು ನಂಬಬಹುದು.

ಲೈಪೇಸ್ ನಮ್ಮ ಬಚ್ಚಲಿಗೆ ಬಂದದ್ದು ಬಟ್ಟೆ ತೊಳೆಯುವ ಪುಡಿಯ ಮೂಲಕ. ಡೆನ್ಮಾರ್ಕಿನ ನೋವೋ ಕಂಪನಿ 1988ರಲ್ಲಿ ಹೊರತಂದ ಲೈಪೇಸಿನ ಮೂಲ ಬ್ಯಾಕ್ಟೀರಿಯವಲ್ಲ, ಒಂದು ಶಾಖಪ್ರಿಯ ಶಿಲೀಂಧ್ರ. ಎಣ್ಣೆ ಕಲೆ ಹೋಗಲು ಉಗುರುಬೆಚ್ಚಗಿನ ನೀರು ಸಾಕು. ಕುದಿಯುವ ನೀರು ಸುರಿದರೆ ಪುಡಿಯಲ್ಲಿನ ಕಿಣ್ವಗಳೇ ಕೆಟ್ಟು, ಕೊಟ್ಟ ಹಣ ದಂಡ.

ಹೆಚ್ಚಿನ ಪುಡಿಗಳಲ್ಲಿ ಪ್ರೋಟೀನು ಒಡೆಯುವ ಕಿಣ್ವವೂ ಇರುತ್ತದೆ. ರೇಷ್ಮೆಯೂ ಪ್ರೋಟೀನೇ! ಗೂಡು ಬೆಳೆಯುವ ಊರಿನವರಾದರೂ ರೇಷ್ಮೆ ಸೀರೆಯನ್ನು ಅದರಲ್ಲಿ ನೆನೆಹಾಕಬಾರದು; ನೂಲು ಸವೆಯುತ್ತದೆ. ಸೀರೆಗಿಂತ ಉಸಿರು ದೊಡ್ಡದು. ಕಿಣ್ವದ ಪುಡಿ ತಯಾರಿಸುವ ಕಾರ್ಖಾನೆಯ ಕೆಲಸಗಾರರಿಗೆ ಆ ಧೂಳಿನಿಂದ ಆಸ್ತಮಾ ಬರುತ್ತಿದೆಯೆಂದು 1969ರಲ್ಲಿ ಬ್ರಿಟನ್ನಿನ ವೈದ್ಯರು ತೋರಿಸಿಕೊಟ್ಟರು. ಆಮೇಲೆ ಧೂಳೇಳದಂತೆ ಕಿಣ್ವಕ್ಕೆ ಮೇಣದಂಥ ಲೇಪ ಕೊಟ್ಟು ಕಾಳಿನ ರೂಪಕ್ಕೆ ತಂದರು. ಮನೆಯಲ್ಲಿ ಅಷ್ಟು ಅಪಾಯವಿಲ್ಲ. ಆದರೂ ಉಬ್ಬಸ ಇರುವವರು ಪುಡಿಯನ್ನು ಎತ್ತರದಿಂದ ಸುರಿಯದಿರಲಿ. ಬೆರಳ ಸಂದಿ ಬಿರಿದವರು ಒಗೆದ ಮೇಲೆ ಕೈಯನ್ನು ಬರೀ ನೀರಿನಲ್ಲಿ ಚೆನ್ನಾಗಿ ತೊಳೆದು, ಒರೆಸಿ, ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಬೇಕು. ವಾರ ಕಳೆದರೂ ತುರಿಕೆ ನಿಲ್ಲದಿದ್ದರೆ ಚರ್ಮದ ವೈದ್ಯರಿಗೆ ತೋರಿಸಿ. ಹೋಗುವಾಗ ಪುಡಿಯ ಖಾಲಿ ಪೊಟ್ಟಣವನ್ನೂ ಒಯ್ಯಿರಿ.