ಇರುಳೂ ಆರದ ಛಾವಣಿ

ಏಪ್ರಿಲ್ ತಿಂಗಳ ಇರುಳು. ದಾಂಡೇಲಿಯ ಬೀದಿಗಳಲ್ಲಿ ಕಾಳಿಯ ಕಡೆಯಿಂದ ತಂಗಾಳಿ ತೀಡುತ್ತಿರುವುದು. ಹೊಸ ಮನೆಯೊಳಗೆ ಮಾತ್ರ ಮಕ್ಕಳು ಬೆವರಿ ಹೊರಳಾಡುತ್ತಿರುವರು. ಹೊತ್ತು ಮುಳುಗಿ ಮೂರು ತಾಸು ಕಳೆದ ಮೇಲೂ ಈ ಬೇಗೆ ಎಲ್ಲಿಯದು? ಕತ್ತೆತ್ತಿ ನೋಡಿದರೆ ಉತ್ತರ ದೊರೆಯುವುದು.

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡಗಳು ಭೂಮಧ್ಯರೇಖೆಯಿಂದ ಸುಮಾರು 15 ಡಿಗ್ರಿ ಉತ್ತರಕ್ಕಿವೆ. ಏಪ್ರಿಲ್ ಕೊನೆ, ಮೇ ಮೊದಲ ದಿನಗಳಲ್ಲಿ ನಡುಹಗಲ ಸೂರ್ಯ ಇಲ್ಲಿ ನೆತ್ತಿಯ ಮೇಲೆಯೇ ನಿಲ್ಲುವನು. ಗೋಡೆಗೆ ತಗಲುವುದು ಓರೆಬಿಸಿಲು. ನೇರ ಪೆಟ್ಟೆಲ್ಲ ಛಾವಣಿಗೆ. ಸಿಮೆಂಟಿನ ತಾರಸಿ ಆ ಕಾವನ್ನು ಹಗಲೆಲ್ಲ ಕುಡಿದು, ಒಳಮೈಗೆ ಮುಟ್ಟಿಸುವುದು ಸಂಜೆಯ ಹೊತ್ತಿಗೆ. ಮಲಗುವ ವೇಳೆಗೆ ಅದೊಂದು ಬೋರಲು ಹಾಕಿದ ಕಾವಲಿ! ಪಂಕವಾದರೂ ಏನು ಮಾಡೀತು? ಅದು ಗಾಳಿಯನ್ನು ತಣಿಸುವುದಿಲ್ಲ. ಮೇಲೆ ಕಾದು ನಿಂತ ಗಾಳಿಯನ್ನೇ ಕೆಳಕ್ಕೆ ತಳ್ಳುವುದು.

ಹಿಂದಿನವರ ಹುಲ್ಲುಮಾಡು ಇದಕ್ಕಿಂತ ಎಷ್ಟೋ ತಂಪು, ಬೆಂಕಿಯ ಭಯವೊಂದನ್ನು ಬಿಟ್ಟರೆ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಕೆಂಪು ಹೆಂಚು ನಾಡೆಲ್ಲ ಹಬ್ಬಿತು. ತೆಳುವಾದ ಹೆಂಚು ಬೇಗ ಕಾಯುವುದು ನಿಜ. ಆದರೆ ಬಿಸಿಲಿಳಿದೊಡನೆ ಬೇಗ ಆರುವುದು. ಏರಿದ ಬಿಸಿಗಾಳಿ ಹೆಂಚಿನ ಸಂದುಗಳಿಂದ ನುಸುಳಿ ಹೋಗುವುದು. ಕೆಳಗೆ ಅಟ್ಟವಿದ್ದರಂತೂ ಮಲಗುವವರಿಗೂ ಬಿಸಿಗೂ ನಡುವೆ ಇನ್ನೊಂದು ತಡೆ. ಮಂಗಗಳ ಹಾವಳಿ, ಮಳೆಗಾಲಕ್ಕೆ ಮೊದಲು ಹೆಂಚು ಕೈಯಾಡಿಸುವ ಕೆಲಸ, ಮರದ ಬೆಲೆ - ಇವಕ್ಕೆ ಬೇಸತ್ತು ಜನ ತಾರಸಿಗೆ ಒಲಿದರೆ ತಪ್ಪೆನ್ನಲಾಗದು.

ಆದರೆ ಕಾಳಿಯ ವಿದ್ಯುತ್ತು ಬಿಟ್ಟಿ ಬಂದದ್ದಲ್ಲ. 1987ರಲ್ಲಿ ಪೂರ್ಣಗೊಂಡ ಸೂಪಾ ಅಣೆಕಟ್ಟಿನ ಹಿನ್ನೀರಿನಲ್ಲಿ ಹಳೆಯ ಸೂಪಾ ಊರೇ ಮುಳುಗಿ, ತಾಲೂಕಿನ ಕೇಂದ್ರ ಜೋಯಿಡಾಕ್ಕೆ ಸರಿಯಿತು. ಅಂಥ ಬೆಲೆ ತೆತ್ತು ಪಡೆದ ಶಕ್ತಿಯನ್ನು ಕಾದ ಸಿಮೆಂಟಿನೊಡನೆ ಕಾದಾಡಲು ಸುರಿಯುವುದು ಯಾವ ಜಾಣತನ?

ಕಟ್ಟಿದ ತಾರಸಿಯನ್ನು ಕೆಡವಬೇಕಾಗಿಲ್ಲ. ಬಿಳಿಯ ಬಣ್ಣ ಬಿಸಿಲಿನ ಬಹುಪಾಲನ್ನು ಹಿಂದಕ್ಕಟ್ಟುವುದು. ತೆಲಂಗಾಣ ಸರ್ಕಾರ 2023ರಲ್ಲಿ ತಂಪು ಛಾವಣಿಗೆಂದೇ ಒಂದು ನೀತಿಯನ್ನು ಹೊರಡಿಸಿತು. ಮಳೆಗೆ ಅಂಜಿ ತಾರಸಿಯ ಮೇಲೆ ತಗಡಿನ ಮಾಡು ಹಾಕಿಸುವವರು ಮಲೆನಾಡಿನಲ್ಲಿ ಬಹಳ. ಸುತ್ತ ತೆರೆದಿಟ್ಟು ಗಾಳಿ ಹಾಯಲು ಬಿಟ್ಟರೆ ಅದೇ ಬೇಸಗೆಗೆ ಕೊಡೆಯಾಗುವುದು. ಏನೂ ಕೂಡದವರಿಗೆ ಸುಣ್ಣವುಂಟು. ಜೋಯಿಡಾದ ಮಳೆಗೆ ಅದು ನಿಲ್ಲದು. ವರ್ಷವರ್ಷವೂ ಶಿವರಾತ್ರಿಯ ಸುಮಾರಿಗೆ ಮತ್ತೆ ಎರಡು ಸಾರಿ ಬಳಿಯಬೇಕಾಗುವುದು.